ಗಾಲ್ಫಿನ ಬೀಸು, ವೇಗೋತ್ಕರ್ಷ ಮತ್ತು ನಮ್ಮ ಬೆನ್ನು

ಗಾಲ್ಫ್ ಆಟವು ನಮ್ಮ ಜನಕ್ಕೆ ಬಹುಮಟ್ಟಿಗೆ ಗೋಡೆಯಾಚೆಯ ಆಟ. ಮುಂಬಯಿಯ ಚೆಂಬೂರಿನಲ್ಲಾಗಲಿ, ಚೆನ್ನೈಯ ಗಿಂಡಿಯಲ್ಲಾಗಲಿ, ದೆಹಲಿಯಲ್ಲಾಗಲಿ ಬಸ್ಸಿನ ಕಿಟಕಿಯಿಂದ ಒಂದು ಉದ್ದನೆಯ ಗೋಡೆ ಕಾಣುತ್ತದೆ, ಅದರ ಮೇಲೆ ಮರಗಳ ತಲೆಗಳು ಕಾಣುತ್ತವೆ, ಎಲ್ಲೋ ಒಂದು ತೆರಪಿನಲ್ಲಿ ಹಸಿರು ಮಿಂಚಿ ಮರೆಯಾಗುತ್ತದೆ; ಅಷ್ಟರಲ್ಲಿ ನಾವು ಇಳಿಯುವ ನಿಲ್ದಾಣ ಬಂದಿರುತ್ತದೆ. ಆದರೆ ಕಾಲ ಬದಲಾಗಿದೆ. ಕಂಪೆನಿಗಳು ತಮ್ಮ ಹಿರಿಯ ಅಧಿಕಾರಿಗಳಿಗೆ ಸದಸ್ಯತ್ವ ಕೊಡಿಸುತ್ತವೆ. ಬುಟ್ಟಿಗೆ ಇಷ್ಟು ಎಂದು ಹಣ ತೆತ್ತು ಚೆಂಡು ಹೊಡೆದು ಬರಬಹುದಾದ ಅಭ್ಯಾಸದ ಅಂಗಳಗಳೂ ಉಂಟು. ನಮ್ಮ ಸಂಘದಲ್ಲಿಯೇ ನಲವತ್ತೈದು ದಾಟಿದ ಕೆಲವರು ಭಾನುವಾರ ಬೆಳಗಿನ ಹೊತ್ತು ಈ ಆಟಕ್ಕೆ ಹೋಗುವುದುಂಟು. ಅವರಲ್ಲಿ ಒಬ್ಬಿಬ್ಬರು ಸೋಮವಾರ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕಚೇರಿಗೆ ಹೋಗುವುದೂ ಉಂಟು. ಈ ಲೇಖನಕ್ಕೆ ಅವರೇ ಪ್ರೇರಣೆ.

ನಾನು ಭೌತಶಾಸ್ತ್ರದ ಪದವೀಧರನಲ್ಲ. ಕಲಿತದ್ದು ವಾಣಿಜ್ಯ, ಮಾಡುವುದು ಬ್ಯಾಂಕಿನ ಕೆಲಸ. ಆದರೆ ಚಲನೆಯ ಶಾಸ್ತ್ರವೂ ಕೊನೆಗೆ ಒಂದು ಬಗೆಯ ಜಮಾಖರ್ಚಿನ ಲೆಕ್ಕವೇ ಆಗಿರುವುದರಿಂದ, ಓದಿ ತಿಳಿದಷ್ಟನ್ನು ಓದುಗರ ಮುಂದಿಡಲು ಧೈರ್ಯ ಬಂದಿದೆ.

ಗಾಲ್ಫ್ ಕಲಿಯಹೊರಟವರಿಗೆ ಮೊದಲು ಸಿಗುವ ಉಪದೇಶವೆಂದರೆ ‘ಚೆಂಡಿನ ಮೂಲಕ ವೇಗ ಹೆಚ್ಚಿಸುತ್ತಾ ಹೋಗು’ ಎಂಬುದು. ಅಂದರೆ ಕೋಲು ಚೆಂಡನ್ನು ತಾಕುವ ಗಳಿಗೆಯಲ್ಲಿಯೂ ಅದರ ವೇಗ ಏರುತ್ತಲೇ ಇರಬೇಕು, ಆಗಲೇ ಹೊಡೆತಕ್ಕೆ ಬಲ ಎಂಬ ನಂಬಿಕೆ. ಕೇಳಲು ಇದು ಸಹಜವಾಗಿಯೇ ತೋರುತ್ತದೆ. ಇದನ್ನು ನಂಬಿದ ನಡುವಯಸ್ಸಿನ ಗೃಹಸ್ಥನು ತನ್ನಲ್ಲಿರುವ ಶಕ್ತಿಯನ್ನೆಲ್ಲ ಕೊನೆಯ ಗಳಿಗೆಗೆ ಕೂಡಿಟ್ಟು, ಹಲ್ಲು ಕಚ್ಚಿ, ಭುಜವನ್ನೂ ಸೊಂಟವನ್ನೂ ಒಟ್ಟಿಗೇ ತಿರುಚಿ ಬೀಸುತ್ತಾನೆ. ಚೆಂಡು ನಿರೀಕ್ಷಿಸಿದಷ್ಟು ದೂರ ಹೋಗುವುದಿಲ್ಲ. ನೋವು ಮಾತ್ರ ತಪ್ಪದೆ ಬರುತ್ತದೆ. ಎರಡಕ್ಕೂ ಕಾರಣ ಒಂದೇ ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

ಮೊದಲು ವೇಗ ಮತ್ತು ವೇಗೋತ್ಕರ್ಷ ಇವುಗಳ ಭೇದವನ್ನು ಸ್ಪಷ್ಟಮಾಡಿಕೊಳ್ಳೋಣ. ವೇಗವೆಂಬುದು ಖಾತೆಯಲ್ಲಿರುವ ಹಣ; ವೇಗೋತ್ಕರ್ಷವೆಂಬುದು ಆ ಹಣ ಬೆಳೆಯುವ ದರ. ಚೆಕ್ಕು ಹಣಪಾವತಿಗೆ ಬಂದಾಗ ಕೌಂಟರಿನ ಗುಮಾಸ್ತನು ನೋಡುವುದು ಖಾತೆಯಲ್ಲಿ ಈಗ ಎಷ್ಟಿದೆ ಎಂಬುದನ್ನು. ಅದಕ್ಕೆ ಶೇಕಡಾ ಎಷ್ಟು ಬಡ್ಡಿ ನಡೆಯುತ್ತಿದೆ ಎಂಬುದನ್ನಲ್ಲ. ಗಾಲ್ಫ್ ಚೆಂಡೂ ಅಂಥ ಗುಮಾಸ್ತನೇ.

ಇದನ್ನು ಅಂಕಿಗಳಲ್ಲಿ ನೋಡಬಹುದು. ನಿಯಮದ ಪ್ರಕಾರ ಗಾಲ್ಫ್ ಚೆಂಡು 45.93 ಗ್ರಾಮಿಗಿಂತ ಭಾರವಾಗಿರಬಾರದು, ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆಯಿರಬಾರದು. ಡ್ರೈವರ್ ಎಂಬ ಉದ್ದನೆಯ ಕೋಲಿನ ತಲೆಯ ತೂಕ ಸುಮಾರು 200 ಗ್ರಾಂ. ಚೆನ್ನಾಗಿ ಆಡುವ ಹವ್ಯಾಸಿಯೊಬ್ಬನ ಕೋಲಿನ ತಲೆ ಚೆಂಡನ್ನು ಮುಟ್ಟುವಾಗ ಸೆಕೆಂಡಿಗೆ ಸುಮಾರು 45 ಮೀಟರು, ಅಂದರೆ ಗಂಟೆಗೆ 160 ಕಿಲೋಮೀಟರು ವೇಗದಲ್ಲಿರುತ್ತದೆ. ವೃತ್ತಿಪರರದು ಇನ್ನೂ ಹೆಚ್ಚು. ಈ ವೇಗವನ್ನು ಆ ತಲೆ ಸಂಪಾದಿಸುವುದು ಮೇಲಿನಿಂದ ಕೆಳಗಿಳಿಯುವ ಕಾಲು ಸೆಕೆಂಡಿನಲ್ಲಿ. ಸರಾಸರಿ ವೇಗೋತ್ಕರ್ಷ ಭೂಮಿಯ ಗುರುತ್ವದ ಹದಿನೆಂಟು ಪಟ್ಟಾಯಿತು. ಇನ್ನು ಕೋಲೂ ಚೆಂಡೂ ಕೂಡಿರುವ ಅವಧಿ ಎಷ್ಟು? ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗ. ಅಷ್ಟರಲ್ಲಿ ಕೋಲಿನ ತಲೆ ಕ್ರಮಿಸುವ ದೂರ ಎರಡು ಸೆಂಟಿಮೀಟರು ಚಿಲ್ಲರೆ.

ಆಟಗಾರನು ಈ ಅತ್ಯಲ್ಪ ಕಾಲದಲ್ಲಿಯೂ ಅದೇ ಹದಿನೆಂಟು ಪಟ್ಟಿನ ದರದಲ್ಲಿ ವೇಗ ಹೆಚ್ಚಿಸುತ್ತಿದ್ದಾನೆ ಎಂದೇ ಭಾವಿಸೋಣ. ಆಗ ಹೆಚ್ಚುವರಿಯಾಗಿ ದೊರೆಯುವುದು ಸೆಕೆಂಡಿಗೆ 9 ಸೆಂಟಿಮೀಟರು; 45 ಮೀಟರಿನ ಮುಂದೆ ಐನೂರರಲ್ಲಿ ಒಂದು ಭಾಗ! ಅತ್ತ ಚೆಂಡಿನ ಪಾಡನ್ನು ನೋಡಿ. ನಿಶ್ಚಲವಾಗಿ ಕುಳಿತಿದ್ದ ಅದು ಅಷ್ಟೇ ಹೊತ್ತಿನಲ್ಲಿ ಸೆಕೆಂಡಿಗೆ ಸುಮಾರು 67 ಮೀಟರು ವೇಗ ಪಡೆದು ಹಾರುತ್ತದೆ. ಅದರ ವೇಗೋತ್ಕರ್ಷ ಗುರುತ್ವದ ಹದಿಮೂರು ಸಾವಿರ ಪಟ್ಟಿಗೂ ಮೀರಿದ್ದು. ಅದಕ್ಕೆ ಬೇಕಾದ ಬಲವೋ ಆರುನೂರು ಕಿಲೋಗ್ರಾಂ ತೂಕದಷ್ಟು. ಅಂಥ ಬಲವನ್ನು ಯಾರ ಕೈಗಳೂ ಕೊಡಲಾರವು. ಅದು ಹುಟ್ಟುವುದು ಕೋಲಿನ ತಲೆಯೂ ಚೆಂಡೂ ಡಿಕ್ಕಿ ಹೊಡೆದು, ಚೆಂಡು ಅಪ್ಪಚ್ಚಿಯಾಗಿ ಮತ್ತೆ ಉಬ್ಬುವ ಸ್ಥಿತಿಸ್ಥಾಪಕ ಕ್ರಿಯೆಯಿಂದ. ಅಲ್ಲಿ ಕೈಗಳ ಪಾತ್ರವೇ ಇಲ್ಲವೆನ್ನಬಹುದು.

ಇದನ್ನು ಪ್ರಯೋಗದಿಂದಲೂ ತೋರಿಸಿಕೊಟ್ಟಿದ್ದಾರೆ. ಬ್ರಿಟನ್ನಿನ ಗಾಲ್ಫ್ ಸೊಸೈಟಿಯ ಆಶ್ರಯದಲ್ಲಿ ನಡೆದ ಸಂಶೋಧನೆಯನ್ನು ಅಲಾಸ್ಟೇರ್ ಕಾಕ್ರನ್ ಎಂಬ ಭೌತವಿಜ್ಞಾನಿಯೂ ಜಾನ್ ಸ್ಟಾಬ್ಸ್ ಎಂಬ ಲೇಖಕನೂ ಸೇರಿ 1968ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಸಂಶೋಧನೆಯಲ್ಲಿ ಕೋಲಿನ ತಲೆಗೆ ಸ್ವಲ್ಪ ಮೇಲೆ ಬಾಗಿಲಿಗಿರುವಂಥ ಒಂದು ಕೀಲನ್ನು ಅಳವಡಿಸಿ ಹೊಡೆದು ನೋಡಿದರು. ಕೀಲಿನ ಮೂಲಕ ಕೈಯ ತಳ್ಳಾಟ ತಲೆಯನ್ನು ಮುಟ್ಟುವಂತಿಲ್ಲವಷ್ಟೆ? ಆದರೂ ಚೆಂಡು ಮಾಮೂಲು ಕೋಲಿನಿಂದ ಹೋಗುವಷ್ಟೇ ದೂರದ ಹತ್ತಿರ ಹತ್ತಿರ ಹೋಯಿತು. ಡಿಕ್ಕಿಯ ಸಮಯದಲ್ಲಿ ಕೋಲಿನ ತಲೆಯು ದಾರದ ತುದಿಯ ಕಲ್ಲಿನಂತೆ, ತನ್ನಷ್ಟಕ್ಕೆ ತಾನೇ ಇರುವ ಒಂದು ವಸ್ತು.

ಹಾಗಾದರೆ ಗುರುಗಳ ಉಪದೇಶ ಸುಳ್ಳೆ? ಸುಳ್ಳೆನ್ನಲಾರೆ. ಹೊಸಬನು ಚೆಂಡಿನ ಹತ್ತಿರ ಬಂದೊಡನೆ ಅಳುಕಿ ಕೈ ತಡೆಯುತ್ತಾನೆ. ಆ ಅಳುಕನ್ನು ಬಿಡಿಸಲು ಇಂಥ ಮಾತು ಬೇಕು. ಬೋಧನೆಗೆ ಒಳ್ಳೆಯದಾದ ಮಾತೆಲ್ಲ ಭೌತಶಾಸ್ತ್ರಕ್ಕೂ ಒಪ್ಪಬೇಕೆಂದಿಲ್ಲ. ತೊಂದರೆಯೆಂದರೆ, ಆ ಮಾತನ್ನು ಅಕ್ಷರಶಃ ನಂಬಿದವನು ಯಾವ ಗಳಿಗೆಯಲ್ಲಿ ಬಲ ನಿಷ್ಪ್ರಯೋಜಕವೋ ಅದೇ ಗಳಿಗೆಯಲ್ಲಿ ತನ್ನ ಬಲವನ್ನೆಲ್ಲ ಸುರಿಯುತ್ತಾನೆ.

ಆದುದರಿಂದ ವೇಗೋತ್ಕರ್ಷದ ಕೆಲಸವೆಲ್ಲ ಡಿಕ್ಕಿಗೆ ಮುಂಚೆಯೇ ಮುಗಿಯಬೇಕು. ಅದು ಎಲ್ಲಿಂದ ಬರುತ್ತದೆ ಎಂಬುದೇ ಈ ವಿಷಯದ ಸ್ವಾರಸ್ಯ.

ಧೋಬಿಘಾಟಿನಲ್ಲಿ ಬಟ್ಟೆ ಒಗೆಯುವವರನ್ನು ಗಮನವಿಟ್ಟು ನೋಡಿದವರಿಗೆ ಅರ್ಧ ಉತ್ತರ ಹೊಳೆದಿರುತ್ತದೆ. ಒದ್ದೆ ಪಂಚೆಯನ್ನು ತಲೆಯ ಮೇಲಿನಿಂದ ಬೀಸಿ ಕಲ್ಲಿಗೆ ಬಡಿಯುವಾತನ ಸೊಂಟ ಮೊದಲು ತಿರುಗುತ್ತದೆ, ಅನಂತರ ಭುಜ, ಆಮೇಲೆ ತೋಳು. ಬಟ್ಟೆಯ ತುದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ ಮತ್ತು ಎಲ್ಲಕ್ಕಿಂತ ವೇಗವಾಗಿ ಬರುತ್ತದೆ. ಕಲ್ಲಿಗೆ ಬಟ್ಟೆ ತಾಗುವ ಹೊತ್ತಿಗೆ ಅವನ ಕೈಗಳು ಹೆಚ್ಚು ಕಡಿಮೆ ನಿಂತೇಬಿಟ್ಟಿರುತ್ತವೆ. ಚಾವಟಿಯ ತುದಿ ಚಟಾರನೆ ಸದ್ದು ಮಾಡುವುದೂ ಈ ನ್ಯಾಯದಿಂದಲೇ. ಆ ಸದ್ದು ತುದಿಯು ಶಬ್ದದ ವೇಗವನ್ನು ಮೀರುವುದರ ಗುರುತು. ಚಾವಟಿ ಬೀಸುವವನ ಕೈ ಶಬ್ದದ ವೇಗದಲ್ಲಿ ಚಲಿಸುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಶಾಸ್ತ್ರಜ್ಞರು ಗಾಲ್ಫಿನ ಬೀಸನ್ನು ಜೋಡಿ ಲೋಲಕವೆಂದು ಕರೆಯುತ್ತಾರೆ. ಭುಜದಿಂದ ಮಣಿಕಟ್ಟಿನವರೆಗೆ ತೋಳು ಒಂದು ಲೋಲಕ. ಅದರ ತುದಿಗೆ, ಮಣಿಕಟ್ಟಿನ ಕೀಲಿನಿಂದ ತೂಗುಬಿದ್ದ ಕೋಲು ಇನ್ನೊಂದು. ಕೋಲನ್ನು ಮೇಲೆತ್ತಿದಾಗ ಎರಡರ ನಡುವೆ ಸುಮಾರು ಒಂದು ಸಮಕೋನವಿರುತ್ತದೆ. ಕೆಳಗಿಳಿಯುವ ಮೊದಲ ಭಾಗದಲ್ಲಿ ಆ ಕೋನ ಹಾಗೆಯೇ ಉಳಿಯಬೇಕು. ಕೋಲು ಮಡಿಚಿಕೊಂಡು ದೇಹಕ್ಕೆ ಹತ್ತಿರವಿರುವುದರಿಂದ ಇಡೀ ವ್ಯವಸ್ಥೆಯನ್ನು ತಿರುಗಿಸುವುದು ಹಗುರ. ತೋಳುಗಳು ಬೇಗ ವೇಗ ಗಳಿಸುತ್ತವೆ. ತೋಳಿನ ವೇಗ ಹೆಚ್ಚಿದಂತೆಲ್ಲ ಕೋಲಿನ ತಲೆಯು ತನ್ನ ಜಡತ್ವದಿಂದ ಹೊರಕ್ಕೆ ಸಿಡಿಯಲೆಳಸುತ್ತದೆ. ಒಂದು ಹಂತದಲ್ಲಿ ಕೋನ ತಾನಾಗಿ ತೆರೆದುಕೊಳ್ಳುತ್ತದೆ; ಹಾಗೆ ತೆರೆದುಕೊಳ್ಳುವಾಗ ಕೋಲು ಮಣಿಕಟ್ಟನ್ನು ಹಿಂದಕ್ಕೆ ಜಗ್ಗುತ್ತದೆ. ಕೈಗಳ ವೇಗ ಇಳಿಯುತ್ತದೆ, ಕೋಲಿನ ತಲೆಯ ವೇಗ ಏರುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾವಣೆಯಾಯಿತು, ಅಷ್ಟೆ. ತೋಳುಗಳ ದ್ರವ್ಯರಾಶಿ ದೊಡ್ಡದು, ಕೋಲಿನ ತಲೆಯದು ಚಿಕ್ಕದು. ದೊಡ್ಡದು ಸ್ವಲ್ಪ ವೇಗವನ್ನು ಬಿಟ್ಟುಕೊಟ್ಟರೆ ಚಿಕ್ಕದಕ್ಕೆ ಬಹಳ ವೇಗ ದೊರೆಯುತ್ತದೆ.

ಕೈಗಳು ನಿಧಾನವಾದಾಗಲೇ ಕೋಲು ಅತಿ ವೇಗವಾಗುತ್ತದೆ ಎಂಬುದು ಮೊದಲ ಸಲ ಓದಿದಾಗ ನನಗೆ ನಂಬಲಾಗಲಿಲ್ಲ. ಆದರೆ ಹೆರಾಲ್ಡ್ ಎಡ್ಜರ್ಟನ್ ಎಂಬ ಅಮೆರಿಕದ ವಿಜ್ಞಾನಿ 1930ರ ದಶಕದಲ್ಲಿ ಮಿಂಚುದೀಪಗಳಿಂದ ತೆಗೆದ ಗಾಲ್ಫ್ ಆಟಗಾರರ ಬಹುಬಿಂಬದ ಛಾಯಾಚಿತ್ರಗಳನ್ನು ನೋಡಿದರೆ ಸಂದೇಹ ಪರಿಹಾರವಾಗುತ್ತದೆ. ಸಮಾನ ಅಂತರದ ಕಾಲದಲ್ಲಿ ತೆಗೆದ ಆ ಬಿಂಬಗಳಲ್ಲಿ, ಚೆಂಡಿನ ಸಮೀಪ ಬಂದಂತೆ ಕೋಲಿನ ತಲೆಯ ಬಿಂಬಗಳು ದೂರ ದೂರವಾಗುತ್ತವೆ, ಕೈಗಳವು ಒತ್ತೊತ್ತಾಗುತ್ತವೆ.

ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ಥಿಯೊಡೋರ್ ಯೋರ್ಗನ್‌ಸನ್ ಎಂಬ ಭೌತವಿಜ್ಞಾನಿ 1970ರಲ್ಲಿ ಇದರ ಗಣಿತವನ್ನು ಪ್ರಕಟಿಸಿದರು. ಅದರಿಂದ ಹೊರಟ ಫಲಿತಾಂಶ ಇನ್ನೂ ವಿಚಿತ್ರವಾದುದು. ಆರಂಭದಲ್ಲಿ ಮಣಿಕಟ್ಟು ಕೋಲನ್ನು ತಳ್ಳುವುದರ ಬದಲು ತುಸು ತಡೆದು ಹಿಡಿದರೆ ಕೊನೆಯ ವೇಗ ಹೆಚ್ಚುತ್ತದೆ! ಅವಸರದಿಂದ ಮೇಲಿನಿಂದಲೇ ಮಣಿಕಟ್ಟನ್ನು ಬಿಚ್ಚಿ ಹೊಡೆಯುವವನ ಕೋಲು ಚೆಂಡನ್ನು ತಲಪುವ ಮೊದಲೇ ತನ್ನ ಪರಮ ವೇಗವನ್ನು ಮುಟ್ಟಿ, ಇಳಿಮುಖವಾಗಿರುತ್ತದೆ. ತಿಂಗಳ ಐದನೆಯ ತಾರೀಖಿಗೇ ಸಂಬಳ ಮುಗಿಸಿದವನ ಸ್ಥಿತಿ ಅವನದು.

ಕೈತೋಳುಗಳ ಹಿಂದೆ ಇನ್ನೂ ದೊಡ್ಡ ಖಾತೆಗಳಿವೆ. 200 ಗ್ರಾಂ ತೂಕದ ತಲೆಯಲ್ಲಿ ಕೊನೆಗೆ ಸೇರುವ ಶಕ್ತಿ ಸುಮಾರು 200 ಜೂಲ್. ಇದನ್ನು ಕಾಲು ಸೆಕೆಂಡಿನಲ್ಲಿ ಒದಗಿಸಬೇಕಾದರೆ ಒಂದು ಅಶ್ವಶಕ್ತಿಗಿಂತ ಹೆಚ್ಚು ಬೇಕು; ತೋಳುಗಳನ್ನೂ ಕೋಲಿನ ದಂಡವನ್ನೂ ಚಲಿಸುವ ವೆಚ್ಚ ಬೇರೆ. ಮುಂಗೈಯ ಸಣ್ಣ ಸ್ನಾಯುಗಳಿಂದ ಇದು ಸಾಧ್ಯವಿಲ್ಲ. ತೊಡೆ, ನಿತಂಬ, ಮುಂಡ ಇವುಗಳ ದೊಡ್ಡ ಸ್ನಾಯುಗಳೇ ಬಂಡವಾಳ ಹೂಡಬೇಕು. ನುರಿತ ಆಟಗಾರರ ಚಲನೆಯನ್ನು ಅಳೆದು ನೋಡಿದಾಗ ಒಂದು ಕ್ರಮ ಕಂಡುಬಂದಿದೆ: ಮೊದಲು ಸೊಂಟ ತನ್ನ ಗರಿಷ್ಠ ವೇಗವನ್ನು ಮುಟ್ಟಿ ನಿಧಾನಿಸುತ್ತದೆ, ಅನಂತರ ಎದೆಗೂಡು, ಬಳಿಕ ತೋಳು, ಕಡೆಗೆ ಕೋಲು. ಪ್ರತಿಯೊಂದೂ ತಾನು ನಿಂತು ಮುಂದಿನದನ್ನು ಕಳಿಸುತ್ತದೆ. ಎಲ್ಲವೂ ಒಟ್ಟಿಗೆ ಧಾವಿಸಿದರೆ ವರ್ಗಾವಣೆಯೇ ನಡೆಯುವುದಿಲ್ಲ.

ಇನ್ನೊಂದು ಉಪಾಯವುಂಟು. ಉತ್ತರ ಕರ್ನಾಟಕದವರಿಗೆ ನಾಗರಪಂಚಮಿಯ ಜೋಕಾಲಿಯನ್ನು ಜ್ಞಾಪಿಸಿದರೆ ಸಾಕು, ಕೂಡಲೇ ಅರ್ಥವಾಗುತ್ತದೆ. ನಿಂತು ಜೀಕುವವರು ಜೋಕಾಲಿ ಕೆಳಭಾಗಕ್ಕೆ ಬಂದಾಗ ಕುಳಿತ ಮೈಯನ್ನು ನೆಟ್ಟಗೆ ಮಾಡಿ ಮೇಲೇಳುತ್ತಾರೆ. ಯಾರೂ ಹಿಂದಿನಿಂದ ತಳ್ಳದಿದ್ದರೂ ಜೋಕಾಲಿ ಇನ್ನಷ್ಟು ಎತ್ತರ ಹೋಗುತ್ತದೆ. ತಿರುಗುವ ವಸ್ತುವನ್ನು ಕೇಂದ್ರದ ಕಡೆಗೆ ಸೆಳೆದರೆ ಅದರ ವೇಗ ಹೆಚ್ಚುತ್ತದೆ ಎಂಬ ತತ್ತ್ವವಿದು. ಒಳ್ಳೆಯ ಗಾಲ್ಫ್ ಆಟಗಾರನೂ ಚೆಂಡು ತಾಗುವ ಮುನ್ನ ಮುಂಗಾಲನ್ನು ನೆಟ್ಟಗೆ ಮಾಡಿ, ಕೋಲಿನ ಹಿಡಿಯನ್ನು ಮೇಲಕ್ಕೂ ಒಳಕ್ಕೂ ಎಳೆಯುತ್ತಾನೆ. ನೋಡುವವರಿಗೆ ಅವನು ತುಸು ಎದ್ದು ನಿಂತಂತೆ ತೋರುತ್ತದೆ.

ಈ ಸರಪಳಿಯಲ್ಲಿ ಕೊಂಡಿಯೊಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಭೂಮಿಯಾಚೆಯ ಒಂದು ಉದಾಹರಣೆಯಿದೆ. 1971ರ ಫೆಬ್ರವರಿ 6ರಂದು ಅಪೊಲೊ 14ರ ಗಗನಯಾತ್ರಿ ಆಲನ್ ಶೆಪರ್ಡ್ ಚಂದ್ರನ ಮೇಲೆ ಎರಡು ಚೆಂಡುಗಳನ್ನು ಹೊಡೆದರು. ಮೈಲಿಗಟ್ಟಲೆ ಹೋಯಿತೆಂದು ಅವರು ವಿನೋದವಾಗಿ ಹೇಳಿದ್ದರು. ಅಲ್ಲಿ ಗುರುತ್ವ ನಮ್ಮದರ ಆರನೆಯ ಒಂದು ಭಾಗ, ಗಾಳಿಯ ತಡೆಯಿಲ್ಲ, ಹೋಗಬಹುದಿತ್ತು. ಆದರೆ 2021ರಲ್ಲಿ ಹಳೆಯ ಛಾಯಾಚಿತ್ರಗಳನ್ನು ಶುದ್ಧಗೊಳಿಸಿ ಅಳೆದಾಗ ಒಂದು ಚೆಂಡು 24 ಗಜ, ಇನ್ನೊಂದು 40 ಗಜ ಹೋಗಿದ್ದುದು ತಿಳಿದುಬಂದಿತು. ಕಾರಣ ಸ್ಪಷ್ಟ. ಗಾಳಿ ತುಂಬಿ ಬಿಗಿದ ಆ ಉಡುಪಿನಲ್ಲಿ ಸೊಂಟ ತಿರುಗದು, ಭುಜ ತಿರುಗದು; ಎರಡು ಕೈಯಿಂದ ಕೋಲು ಹಿಡಿಯಲೂ ಆಗದೆ ಅವರು ಒಂದೇ ಕೈಯಿಂದ ಬೀಸಿದ್ದರು.

ಕಚೇರಿಯ ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕುಳಿತ ನಮ್ಮ ದೇಹಕ್ಕೂ ಒಂದು ಅದೃಶ್ಯವಾದ ಗಗನಯಾತ್ರಿಯ ಉಡುಪು ತೊಡಿಸಿದಂತಾಗಿರುತ್ತದೆ ಎಂದರೆ ಓದುಗರು ಮುನಿಯಬಾರದು. ಸೊಂಟದ ಕೀಲುಗಳು ಬಿಗಿದಿರುತ್ತವೆ, ಬೆನ್ನಿನ ಮೇಲ್ಭಾಗ ಗೂನಿರುತ್ತದೆ. ಬೀಸಲು ಬೇಕಾದ ತಿರುಗುವಿಕೆ ಎಲ್ಲಿಂದಲಾದರೂ ಬರಲೇಬೇಕಲ್ಲ? ಆಗ ಅದು ಬೆನ್ನಿನ ಕೆಳಭಾಗದಿಂದ ಬರುತ್ತದೆ. ಆದರೆ ಕೆಳಬೆನ್ನಿನ ಐದು ಕಶೇರುಗಳು ಬಾಗಲು, ನಿಗುರಲು ರಚಿತವಾದವು, ತಿರುಗಲು ಅಲ್ಲ. ಅವೆಲ್ಲ ಸೇರಿ ಒಂದು ಪಕ್ಕಕ್ಕೆ ತಿರುಗಬಲ್ಲದ್ದು ಹತ್ತು ಹದಿನೈದು ಡಿಗ್ರಿ ಮಾತ್ರ. ಇಷ್ಟು ಸಾಲದೆಂಬಂತೆ, ಕೋಲಿನ ತಲೆ ವೃತ್ತಾಕಾರದಲ್ಲಿ ತಿರುಗುವಾಗ ಅದನ್ನು ಹಿಡಿದಿಡಲು ಬೇಕಾಗುವ ಕೇಂದ್ರಾಭಿಮುಖ ಬಲವೂ ಇದೆ. ಚೆಂಡಿನ ಬಳಿ ಆ ತಲೆಯ ಕೇಂದ್ರಾಭಿಮುಖ ವೇಗೋತ್ಕರ್ಷ ಗುರುತ್ವದ ನೂರು ಪಟ್ಟನ್ನು ಮೀರುತ್ತದೆ. 200 ಗ್ರಾಮಿನ ವಸ್ತು ಇಪ್ಪತ್ತು ಕಿಲೋಗ್ರಾಂ ತೂಕವನ್ನೂ ಮೀರಿ ಕೈಯನ್ನು ಎಳೆಯುತ್ತದೆ. ಆ ಎಳೆತ ತೋಳು, ಭುಜಗಳ ಮೂಲಕ ಬೆನ್ನಿಗೇ ಬಂದು ಸೇರಬೇಕು. ಬೀಸಿನ ಕಾಲದಲ್ಲಿ ಕೆಳಬೆನ್ನಿನ ಮೇಲಿನ ಒತ್ತಡ ದೇಹದ ತೂಕದ ಸುಮಾರು ಎಂಟು ಪಟ್ಟು ಮುಟ್ಟುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಗಾಲ್ಫ್ ಆಟಗಾರರ ನೋವುಗಳಲ್ಲಿ ಕೆಳಬೆನ್ನಿನದೇ ಮೊದಲ ಸಾಲಿನಲ್ಲಿರುವುದು ಆಶ್ಚರ್ಯವಲ್ಲ. ಮೊಣಕೈಯ ಒಳಪಕ್ಕದ ನೋವಿಗಂತೂ ವೈದ್ಯರು ಈ ಆಟದ ಹೆಸರನ್ನೇ ಇಟ್ಟಿದ್ದಾರೆ.

ಪ್ರಖ್ಯಾತರಿಗೂ ಇದು ತಪ್ಪಿದ್ದಲ್ಲ. ಟೈಗರ್ ವುಡ್ಸ್ 2014ರಲ್ಲಿ ಬೆನ್ನಿನ ಮೊದಲ ಶಸ್ತ್ರಚಿಕಿತ್ಸೆಗೆ ಒಳಗಾದರು; 2017ರಲ್ಲಿ ಕಶೇರುಗಳನ್ನು ಬೆಸೆಯಬೇಕಾಯಿತು. 2019ರ ಏಪ್ರಿಲಿನಲ್ಲಿ ಅವರು ಮತ್ತೆ ಮಾಸ್ಟರ್ಸ್ ಪಂದ್ಯ ಗೆದ್ದದ್ದು ನಿಜ. ಆದರೆ ಅವರ ಬಳಿಯಿದ್ದ ವೈದ್ಯರೂ ವ್ಯಾಯಾಮಗುರುಗಳೂ ನಮ್ಮ ಬಳಿ ಇಲ್ಲ.

ದೂರ ಹೊಡೆಯುವ ಹುಚ್ಚಿಗೆ ಒಂದು ಪ್ರತ್ಯುತ್ತರ ಬೆಂಗಳೂರಿನಿಂದಲೇ ಬಂದಿದೆ. ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. ಜೊತೆಯ ಆಟಗಾರ್ತಿಯರ ಮೊದಲ ಹೊಡೆತಗಳು ಅವರದನ್ನು ದಾಟಿ ಬಹುದೂರ ಬೀಳುತ್ತಿದ್ದವು. ಅವರು ಗಳಿಸಿದ್ದೆಲ್ಲ ಹಸಿರಿನ ಮೇಲೆ, ಕೆಲವೇ ಗಜಗಳ ಮೆಲುಹೊಡೆತಗಳಲ್ಲಿ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಇತರರ ಚೀಲ ಹೊತ್ತು ಆಟ ಕಲಿತ ಚಿನ್ನಸ್ವಾಮಿ ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದುದೂ ಇಲ್ಲಿ ಸ್ಮರಣೀಯ. ಚೀಲ ಹೊರುವ ಹುಡುಗರ ಬೀಸನ್ನು ನಾನು ಬೇಲಿಯ ಹೊರಗಿನಿಂದ ನೋಡಿದ್ದೇನೆ. ಮೈಯಲ್ಲಿ ಮಾಂಸವಿಲ್ಲ, ಕೈಯಲ್ಲಿ ಯಾರೋ ಬಿಟ್ಟುಹೋದ ಹಳೆಯ ಕೋಲು. ಆದರೂ ಅವರ ಚೆಂಡು ಸ್ಥೂಲಕಾಯದ ಯಜಮಾನರ ಚೆಂಡನ್ನು ದಾಟಿ ಬೀಳುತ್ತದೆ. ಅವರ ಮೈಗೆ ಕುರ್ಚಿಯ ಅಭ್ಯಾಸವಿಲ್ಲ, ಅವರಿಗೆ ಅವಸರವೂ ಇಲ್ಲ.

ಈ ಅವಸರದ ವಿಷಯವನ್ನು ಇನ್ನಷ್ಟು ಹೇಳಬೇಕು. ಕೋಲನ್ನು ಹಿಂದಕ್ಕೆತ್ತಲು ನುರಿತವರು ತೆಗೆದುಕೊಳ್ಳುವ ಕಾಲ ಸುಮಾರು ಮುಕ್ಕಾಲು ಸೆಕೆಂಡು. ಇಳಿಸಲು ಕಾಲು ಸೆಕೆಂಡು. ಮೂರಕ್ಕೆ ಒಂದರ ತಾಳ. ಮನುಷ್ಯನು ಒಂದನ್ನು ಕಂಡು ಪ್ರತಿಕ್ರಿಯಿಸಲು ಬೇಕಾಗುವ ಕಾಲವೇ ಸುಮಾರು ಐದನೆಯ ಒಂದು ಸೆಕೆಂಡು. ಆದುದರಿಂದ ಕೋಲು ಇಳಿಯತೊಡಗಿದ ಮೇಲೆ ತಿದ್ದುಪಡಿಗೆ ಅವಕಾಶವೇ ಇಲ್ಲ. ಕಲಿಯಬೇಕಾದುದೆಲ್ಲ ಎತ್ತುವ ನಿಧಾನದಲ್ಲಿಯೇ ಇದೆ.

ಬೆನ್ನನ್ನು ಉಳಿಸಿಕೊಳ್ಳಬಯಸುವ ನಮ್ಮ ವಯಸ್ಸಿನವರಿಗೆ ಕೆಲವು ವ್ಯಾವಹಾರಿಕ ವಿಷಯಗಳು. ಕೋಲನ್ನೆತ್ತುವಾಗ ಮುಂಗಾಲಿನ, ಅಂದರೆ ಬಲಗೈ ಆಟಗಾರನಿಗೆ ಎಡಗಾಲಿನ, ಹಿಮ್ಮಡಿ ನೆಲದಿಂದ ಏಳಲು ಬಿಡಬೇಕು. ಬಾಬಿ ಜೋನ್ಸ್, ಜಾಕ್ ನಿಕ್ಲಾಸ್‌ರಂಥ ಮಹಾ ಆಟಗಾರರೂ ಹೀಗೆಯೇ ಮಾಡುತ್ತಿದ್ದರು. ಹಿಮ್ಮಡಿ ಎದ್ದರೆ ಸೊಂಟವೂ ಭುಜದ ಜೊತೆ ತಿರುಗುತ್ತದೆ, ಕೆಳಬೆನ್ನಿನ ತಿರುಚು ಕಡಿಮೆಯಾಗುತ್ತದೆ. ಕಾರಿನಿಂದಿಳಿದೊಡನೆ ಡ್ರೈವರಿಗೆ ಕೈ ಹಾಕುವುದು ತರವಲ್ಲ. ಹತ್ತು ನಿಮಿಷ ಬಿರುಸಾಗಿ ನಡೆದು, ಕೋಲನ್ನು ಹೆಗಲ ಮೇಲೆ ಅಡ್ಡವಿಟ್ಟುಕೊಂಡು ಎರಡೂ ಪಕ್ಕಕ್ಕೆ ಮೆಲ್ಲಗೆ ತಿರುಗಿ, ಮೊದಲು ಗಿಡ್ಡ ಕೋಲಿನಿಂದ ಅರ್ಧ ಬೀಸುಗಳನ್ನು ಬೀಸಿ, ಅನಂತರ ಉದ್ದ ಕೋಲಿಗೆ ಬರಬೇಕು. ವಾರದ ದಿನಗಳಲ್ಲಿ ಸೊಂಟದ ಕೀಲುಗಳನ್ನೂ ಬೆನ್ನಿನ ಮೇಲ್ಭಾಗವನ್ನೂ ಸಡಿಲಿಸುವ ಆಸನಗಳನ್ನು ಬಲ್ಲವರಿಂದ ಕಲಿತು ಮಾಡುವುದು ಒಳ್ಳೆಯದು. ಅಭ್ಯಾಸದ ಅಂಗಳದಲ್ಲಿ ಹಣ ಕೊಟ್ಟಾಗಿದೆಯೆಂದು ಬುಟ್ಟಿಯ ಚೆಂಡುಗಳನ್ನೆಲ್ಲ ಹೊಡೆದು ಮುಗಿಸುವ ನಮ್ಮ ಮಧ್ಯಮವರ್ಗದ ಮಿತವ್ಯಯ ಇಲ್ಲಿ ಸಲ್ಲದು. ದಣಿದ ದೇಹದಲ್ಲಿ ಮೊದಲು ಕೆಡುವುದು ಚಲನೆಯ ಕ್ರಮ, ಕ್ರಮ ಕೆಟ್ಟೊಡನೆ ಭಾರವೆಲ್ಲ ಬೆನ್ನಿಗೆ. ಬಿದ್ದ ಚೆಂಡನ್ನು ಎತ್ತುವಾಗಲೂ ನಡು ಬಗ್ಗಿಸದೆ ಮಂಡಿ ಮಡಿಸಬೇಕು.

ಸಾಮಾನ್ಯ ಸ್ನಾಯು ನೋವು ಕೆಲವು ದಿನಗಳಲ್ಲಿ ತಗ್ಗುತ್ತದೆ. ಆಗಲೂ ಹಾಸಿಗೆ ಹಿಡಿದು ಮಲಗುವುದಕ್ಕಿಂತ ಮೆಲ್ಲಗೆ ಓಡಾಡುತ್ತಿರುವುದೇ ಮೇಲು. ಆದರೆ ನೋವು ಕಾಲಿಗಿಳಿದು ಪಾದದವರೆಗೆ ಹರಿದರೆ, ಕಾಲು ಜೋಮು ಹಿಡಿದರೆ ಅಥವಾ ಬಲಗುಂದಿದರೆ ಪಟ್ಟಿ ಕಟ್ಟಿ ಕಾಯದೆ ವೈದ್ಯರನ್ನು ಕಾಣಬೇಕು. ಮಲಮೂತ್ರಗಳ ಹಿಡಿತ ತಪ್ಪಿದರೆ, ಇಲ್ಲವೇ ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಕುಂದಿದರೆ, ಸೋಮವಾರದವರೆಗೆ ಕಾಯದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.